ವಾಚಿನ ಸರ್ಟಿಫಿಕೇಟು ಹಿಡಿದು ಶಿವಮೊಗ್ಗಕ್ಕೆ

ಭದ್ರಾವತಿ ಓಲ್ಡ್ ಟೌನಿನಿಂದ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೊರಟೆವು. ಟಿಕೆಟ್ ಆರು ರೂಪಾಯಿ. ಪಕ್ಕದ ಸೀಟಿನಲ್ಲಿ ನನ್ನ ಮೊಮ್ಮಗಳಿಗೆ ಮಾವನಾಗಬೇಕಿದ್ದ ರುದ್ರಪ್ಪ. ನಿಶ್ಚಿತಾರ್ಥದಲ್ಲಿ ನಾನು ಹುಡುಗನಿಗೆ ನಮ್ಮ ಯಜಮಾನರ ಸ್ವಿಸ್ ವಾಚು ಕೊಟ್ಟಿದ್ದೆ. ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತದೆ, ಡೂಪ್ಲಿಕೇಟ್ ಎಂದು ಇವರು ವಾಪಸು ತಂದಿದ್ದರು.

"ಡೂಪ್ಲಿಕೇಟ್ ಅಂತಾದ್ರೆ ಸಂಬಂಧ ಇಲ್ಲಿಗೇ ನಿಲ್ಲುತ್ತೆ, ಅಮ್ಮ" ಎಂದರು.

"ಅಲ್ಲ ಅಂತಾದ್ರೆ?"

ಕಿಟಕಿಯ ಕಡೆ ತಿರುಗಿ ಕೂತರು.

ರವೀಂದ್ರನಗರದಲ್ಲಿ ವಾಚ್ ರಿಪೇರಿಯ ರಹಮತ್ ಸಾಹೇಬರು ಮನೆಯ ಜಗಲಿಯಲ್ಲೇ ಕೆಲಸ ಮಾಡುತ್ತಿದ್ದರು. ವಾಚಿನ ಜೊತೆ ಬಂದಿದ್ದ ಸರ್ಟಿಫಿಕೇಟನ್ನು ಕೊಟ್ಟೆ. ನನಗೆ ಅದರಲ್ಲಿ ಅಂಕಿ ಬಿಟ್ಟರೆ ಬೇರೇನೂ ಓದಲು ಬರುವುದಿಲ್ಲ.

"ಸ್ವಿಸ್‌ನವರು ವಾಚನ್ನ ಹದಿನೈದು ದಿನ, ಐದು ಭಂಗಿ, ಮೂರು ಥರದ ಶಾಖದಲ್ಲಿಟ್ಟು ನೋಡ್ತಾರೆ" ಎಂದರು ಸಾಹೇಬರು. "ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡ್ ಹಿಂದೆ, ಇಲ್ಲ ಆರು ಸೆಕೆಂಡ್ ಮುಂದೆ. ಅಷ್ಟರೊಳಗಿದ್ರೆ ಮಾತ್ರ ಈ ಕಾಗದ."

"ಹತ್ತು ನಿಮಿಷಕ್ಕೆ ಯಾವ ಕಾಗದ ಕೊಡ್ತಾರೆ?" ಎಂದು ರುದ್ರಪ್ಪ ನಕ್ಕರು.

ಸಾಹೇಬರು ವಾಚಿನ ಬೆನ್ನು ಬಿಚ್ಚಿ, ಯಂತ್ರದ ಮೇಲೆ ಕೆತ್ತಿದ ನಂಬರನ್ನು ಒಂದೊಂದೇ ಅಂಕಿ ಓದಿದರು. ನಾನು ಕಾಗದ ಈಸಿಕೊಂಡು ಅದರಲ್ಲಿದ್ದ ನಂಬರಿನ ಮೇಲೆ ಬೆರಳಾಡಿಸುತ್ತಾ ಹೋದೆ. ಕೊನೆಯ ಅಂಕಿಯೂ ತಾಳೆಯಾಯಿತು.

"ಅಸಲಿ" ಎಂದರು. ಆಮೇಲೆ ಒಂದು ಚಿಕ್ಕ ದಿಕ್ಸೂಚಿಯನ್ನು ಹತ್ತಿರ ಹಿಡಿದರು. ಮುಳ್ಳು ಗಿರ್ರನೆ ವಾಚಿನತ್ತ ತಿರುಗಿತು. "ಆಯಸ್ಕಾಂತ ಹಿಡಿದಿದೆ, ಅದಕ್ಕೇ ಮುಂದೆ ಓಡ್ತಿದೆ. ಎಲ್ಲಿಟ್ಟಿದ್ರಿ ಅಮ್ಮ?"

ಹೊಲಿಗೆ ಸೂಜಿಗಳನ್ನು ಹಿಡಿದಿಡಲಿ ಎಂದು ಯಜಮಾನರು ಗುಜರಿಯಿಂದ ದೊಡ್ಡ ಆಯಸ್ಕಾಂತ ತಂದಿದ್ದರು. ಅದಿದ್ದ ಬಿಸ್ಕತ್ ಡಬ್ಬಿಯಲ್ಲೇ ವಾಚನ್ನೂ ವರ್ಷಗಟ್ಟಲೆ ಇಟ್ಟಿದ್ದೆ. ಅದನ್ನೇ ಹೇಳಿದೆ.

"ಗೊತ್ತಿದ್ದೂ ಕೊಟ್ರಾ?" ಎಂದರು ರುದ್ರಪ್ಪ.

"ಗೊತ್ತಿರಲಿಲ್ಲ. ತಪ್ಪು ನಂದೇ."

ಸಾಹೇಬರು ಒಂದು ಸಣ್ಣ ಯಂತ್ರದ ಮೇಲಿಟ್ಟು ವಾಚಿಗೆ ಹಿಡಿದಿದ್ದ ಆಯಸ್ಕಾಂತದ ಗುಣ ಇಳಿಸಿದರು. ಆಮೇಲೆ ಅದನ್ನು ವೇಗ ಅಳೆಯುವ ಮಷೀನಿನಲ್ಲಿಟ್ಟು, ಮೇಲೆ ಕೆಳಗೆ ಮಾಡಿ, ಐದು ಸಲ ಟಿಕ್ ಟಿಕ್ ಕೇಳಿಸಿಕೊಂಡರು. ಕೊನೆಗೆ ಮಷೀನಿನಿಂದ ಕಾಗದದ ಪಟ್ಟಿ ಹೊರಬಂತು.

"ದಿನಕ್ಕೆ ಸರಾಸರಿ ಐದು ಸೆಕೆಂಡ್ ಮುಂದೆ. ಆದ್ರೆ ಇದು ಒಂದು ಗಳಿಗೆಯ ಲೆಕ್ಕ ಅಮ್ಮ, ಹದಿನೈದು ದಿನ ನೋಡಿದ್ರೇನೇ ಖಾತ್ರಿ."

ರುದ್ರಪ್ಪ ಕೈ ಚಾಚಿದರು. "ಕೊಡಿ, ಹುಡುಗನಿಗೆ ಕೊಡ್ತೀನಿ. ಮದುವೆ ದಿನ ಗೊತ್ತು ಮಾಡೋಣ."

ನಾನು ವಾಚನ್ನು ನನ್ನ ಕೈಗೇ ಕಟ್ಟಿಕೊಂಡೆ. ಸಡಿಲವಾಗಿ ಮೊಣಕೈವರೆಗೆ ಜಾರಿತು.

"ಹದಿನೈದು ದಿನ ಇರ್ಲಿ ಬೀಗರೇ. ನೀವು ಡೂಪ್ಲಿಕೇಟ್ ಅಂದಿದ್ದು ಹುಡುಗಿ ಕಿವಿಗೂ ಬಿದ್ದಿದೆ. ಅವಳೂ ನೋಡ್ಲಿ, ಮದುವೆ ಬೇಕಾ ಬೇಡ್ವಾ ಅವಳೇ ಹೇಳ್ಲಿ."

ವಾಪಸು ಬಸ್ಸಿನಲ್ಲಿ ಅವರು ಮುಂದಿನ ಸೀಟು ಹಿಡಿದರು. ಭದ್ರಾವತಿ ಬರುವುದರೊಳಗೆ ಮೂರು ಸಲ ತಿರುಗಿ ನೋಡಿದರು. ನಾನು ಸೆಕೆಂಡಿನ ಮುಳ್ಳು ನೋಡುತ್ತಿದ್ದೆ.