ಎರಡು ಬೆರಳಷ್ಟು ಕಾಗದ

ಆಗಷ್ಟೇ ಯಂತ್ರದಿಂದ ಹೊರಬಂದ ಕಾಗದಕ್ಕೆ ಒಂದು ವಾಸನೆ ಇರುತ್ತದೆ. ಸ್ವಲ್ಪ ಸುಟ್ಟಂತೆ, ಸ್ವಲ್ಪ ಇಸ್ತ್ರಿ ಮಾಡಿದ ಬಟ್ಟೆಯಂತೆ. ಬೇರೆಯವರು ಅದನ್ನು ಗಮನಿಸುವುದು ಕಡಿಮೆ. ಅವರು ಹಾಳೆಯನ್ನು ದೂರ ಹಿಡಿದು ಓದುತ್ತಾರೆ. ನಾನು ಓದುವುದು ಮೂಗಿಗೆ ತಾಗಿಸಿಕೊಂಡು. ಹುಟ್ಟಿನಿಂದಲೇ ನನ್ನ ದೃಷ್ಟಿ ಮಂದ, ಯಾವ ಕನ್ನಡಕವೂ ಅದನ್ನು ಪೂರ್ತಿ ಸರಿಮಾಡಲಿಲ್ಲ. ಕಳೆದ ತಿಂಗಳು ಕುಂದಗೋಳದ ಝೆರಾಕ್ಸ್ ಅಂಗಡಿಯೊಂದರಲ್ಲಿ ಬೆಚ್ಚಗಿನ ಹಾಳೆಯನ್ನು ಹೀಗೆ ಮುಖಕ್ಕೆ ಹಿಡಿದಿದ್ದೆ. ಬಸ್ಸಿನ ಹಾರ್ನು, ಅಂಗಡಿಯವನ ಮಾತು, ಎಲ್ಲ ಎಲ್ಲೋ ಹಿಂದೆ ಸರಿದುಹೋದವು. ನಮ್ಮೂರ ಹೈಸ್ಕೂಲಿನ ಮೂಲೆಕೋಣೆ, ಅಲ್ಲಿ ಜಮಖಾನೆಯ ಮೇಲೆ ಕಾಲು ಮಡಚಿ ಕೂತ ಕಾಕಾ...

ಅವರು ನಮ್ಮ ಶಾಲೆಯ ಗುಮಾಸ್ತರು. ಉಳಿದವರಿಗೆಲ್ಲ ‘ಕ್ಲಾರ್ಕ್ ಸರ್’. ನಮ್ಮ ಮನೆಯ ಬಾಜೂಕೆ ಒಂದು ಖೋಲಿ ಹಿಡಿದಿದ್ದರಿಂದ ನನಗೆ ಮಾತ್ರ ಕಾಕಾ. ಅವರ ಸ್ವಂತ ಮನೆ ಇದ್ದದ್ದು ನವಲಗುಂದದಲ್ಲಿ. ಶನಿವಾರ ಹೋಗಿ ಸೋಮವಾರ ಬರುತ್ತಿದ್ದರು. ಅವರ ತಾಯಿ ಜಮಖಾನೆ ನೇಯುವವರು; ಆಕೆಯ ಕೈಯ ಒಂದು ಹಳೆಯ ಜಮಖಾನೆಯನ್ನು ತಂದು ಮೂಲೆಕೋಣೆಯಲ್ಲಿ ಹಾಸಿಕೊಂಡಿದ್ದರು. ಕುರ್ಚಿಯ ಮೇಲೆ ಕೂತರೆ ತಲೆ ಓಡುವುದಿಲ್ಲ ಎನ್ನುತ್ತಿದ್ದರು.

ಆಗ ನನಗೆ ಕಾಣುತ್ತಿದ್ದ ಊರೇ ಬೇರೆ. ಹತ್ತಿ ಒಡೆದ ಹೊಲ ನೆಲಕ್ಕಿಳಿದ ಮೋಡದ ಹಾಗೆ. ಎರೆ ನೆಲದ ಮೇಲೆ ಮಧ್ಯಾಹ್ನದ ಬಿಸಿಲು ನೀರಿನಂತೆ ಅಲುಗುತ್ತಿತ್ತು, ಅದರೊಳಗಿಂದ ಜನ ಈಜಿ ಬಂದಂತೆ ಬರುತ್ತಿದ್ದರು. ಯಾರು ಎಂಬುದು ಚಪ್ಪಲಿಯ ಸದ್ದಿನಿಂದ ತಿಳಿಯುತ್ತಿತ್ತು. ಕಾಕಾ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಅವರ ಮುಖ ನನಗೆ ಒಂದು ಬಿಳಿ ಟೋಪಿ, ಅದರ ಕೆಳಗೆ ಒಂದು ಕಂದು ಮಬ್ಬು, ಅಷ್ಟೇ.

ಹುಬ್ಬಳ್ಳಿಯ ಯಾವುದೋ ಆಫೀಸಿನವರು ಬೇಡವೆಂದ ಆರು ಕಂಪ್ಯೂಟರು, ಒಂದು ದೊಡ್ಡ ಪ್ರಿಂಟರು ನಮ್ಮ ಶಾಲೆಗೆ ಬಂದು ಆ ಮೂಲೆಕೋಣೆ ಸೇರಿದ್ದವು. ಕಾಕಾ ಅವಕ್ಕೆಲ್ಲ ಮುಕ್ತ ತಂತ್ರಾಂಶ ಹಾಕಿದರು. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು ಎಂಬುದು ಅವರಿಗೆ ಬಹಳ ಸೇರಿತ್ತು. ಆರರಲ್ಲಿ ತೀರ ಹಳೆಯದನ್ನು ಪ್ರಿಂಟ್ ಸರ್ವರ್ ಮಾಡಿದರು. ಉಳಿದ ಐದೂ ತಮ್ಮ ಹಾಳೆಗಳನ್ನು ಅದಕ್ಕೆ ಕಳಿಸಬೇಕು, ಅದು ಪ್ರಿಂಟರಿಗೆ ಒಪ್ಪಿಸಬೇಕು. ಹೆಡ್‌ಮಾಸ್ತರರಿಗೆ ಈ ಪುಕ್ಕಟೆ ವ್ಯವಸ್ಥೆಯ ಮೇಲೆ ನಂಬಿಕೆ ಇರಲಿಲ್ಲ. ನಡೆಯುವವರೆಗೆ ನಡೆಯಲಿ ಎಂದು ಸುಮ್ಮನಿದ್ದರು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ವಾರ್ಷಿಕ ಪರೀಕ್ಷೆಗೆ ಮುಂಚಿನ ಕಿರುಪರೀಕ್ಷೆಗೆ ನನ್ನ ಪ್ರಶ್ನೆಪತ್ರಿಕೆಯನ್ನು ದೊಡ್ಡ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೆಗೆದುಕೊಡುವ ಯೋಚನೆ ಕಾಕಾಗೆ ಬಂತು. ಅಲ್ಲಿಯವರೆಗೆ ಯಾರಾದರೂ ಓದಿ ಹೇಳುತ್ತಿದ್ದರು. ಅವರು ಓದುವ ಅವಸರಕ್ಕೆ ನಾನು ಉತ್ತರ ಬರೆಯಬೇಕಿತ್ತು. ಮೊದಲ ಸಲ ಆ ಅಗಲವಾದ ಹಾಳೆ ಕೈಗೆ ಬಂದಾಗ, ಇಡೀ ಪರೀಕ್ಷೆಯೇ ನನ್ನ ಸ್ವಂತದ್ದಾದ ಹಾಗೆ ಅನಿಸಿತ್ತು. ಒಂದೊಂದೇ ಅಕ್ಷರವನ್ನು ಮುಟ್ಟಿ ಮಾತಾಡಿಸಿದಂತೆ ಓದಿದೆ.

ಆದರೆ ಅಂಕ ಬಂದದ್ದು ಮೊದಲಿಗಿಂತ ಕಡಿಮೆ. ವಿಜ್ಞಾನದಲ್ಲಿ ನಪಾಸು.

ಹೆಡ್‌ಮಾಸ್ತರರು ಅವ್ವನನ್ನು ಕರೆಸಿದರು. ಅವರದು ಕೆಟ್ಟ ಮನಸ್ಸಲ್ಲ. ಮುಂದಿನ ವರ್ಷ ಹತ್ತನೆಯ ಇಯತ್ತೆ, ಹುಡುಗಿಗೆ ಇಲ್ಲಿ ಆಗಲಿಕ್ಕಿಲ್ಲ, ಊರು ಬಿಟ್ಟು ಅಂಧ ಮಕ್ಕಳ ಶಾಲೆಗೆ ಹಾಕುವುದು ಒಳ್ಳೆಯದು ಎಂದರು. ಅವ್ವ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ನಾನು ಅವಳ ಬೆನ್ನ ಹಿಂದೆ. ಕುರುಡಿ ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೂ ನನಗೆ ಕೇಳಿಸಿತು...

ಅದೇ ಕಚೇರಿಯಲ್ಲಿ ತಮ್ಮ ಮೇಜಿನ ಹತ್ತಿರ ಕಾಕಾ ನನ್ನ ಹಾಳೆಯನ್ನೂ ಬೇರೆ ಹುಡುಗರ ಹಾಳೆಯನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡು ಕೂತಿದ್ದರು. ಕುರ್ಚಿ ಸರಿದ ಸದ್ದಾಯಿತು.

“ಸರ, ಹುಡುಗೀದು ತಪ್ಪಿಲ್ರಿ. ತಪ್ಪು ನಂದೈತಿ.”

ಬೇರೆಯವರ ಪತ್ರಿಕೆಯಲ್ಲಿ ‘ಇವುಗಳಲ್ಲಿ ಯಾವುದು ಸಸ್ತನಿ ಅಲ್ಲ?’ ಎಂದಿತ್ತು. ನನ್ನದರಲ್ಲಿ ‘ಇವುಗಳಲ್ಲಿ ಯಾವುದು ಸಸ್ತನಿ’ ಎಂದು ಮಾತ್ರ. ಉದ್ದನೆಯ ಸಾಲುಗಳ ಕೊನೆಯ ಮಾತೆಲ್ಲ ಬಲಗಡೆ ಕತ್ತರಿಸಿಹೋಗಿತ್ತು. ಸಾಲಿಗೆ ಎರಡು ಬೆರಳಷ್ಟು. ಬೇರೆ ಯಾರ ಕಣ್ಣಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ನನಗೆ ಒಂದು ಸಲಕ್ಕೆ ಕಾಣುವುದು ನಾಲ್ಕೈದು ಅಕ್ಷರ. ಸಾಲು ಅಲ್ಲಿಗೇ ಮುಗಿಯಿತೆಂದು ನಾನು ನಂಬಿದ್ದೆ.

ಆದರೆ ನನ್ನ ಹಾಳೆಯನ್ನು ಬೇರೆ ಯಾರೂ ನೋಡಿರಲಿಲ್ಲ; ಕಾಕಾ ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಡ್‌ಮಾಸ್ತರರಿಗೆ ಸಿಟ್ಟು ಬಂತು. “ಈ ಪುಕ್ಕಟೆ ಸಾಮಾನು ಬ್ಯಾಡ ಅಂತ ಮೊದಲ ಹೇಳಿದ್ನಿಲ್ಲೋ? ವಾರ್ಷಿಕ ಪರೀಕ್ಷಾಕ್ಕ ಮೂರು ವಾರ ಐತಿ. ಅಷ್ಟರೊಳಗ ಸರಿ ಆಗಲಿಲ್ಲಂದ್ರ ಅದನ್ನ ಕಿತ್ತ ಹಾಕ್ರಿ. ಹುಡುಗೀ ವಿಚಾರಾನೂ ಆಮ್ಯಾಲೆ ನೋಡೂಣು.”

ಮರುದಿನದಿಂದ ಶಾಲೆ ಬಿಟ್ಟ ಮೇಲೆ ನಾನು ಮೂಲೆಕೋಣೆಯಲ್ಲಿ ಕೂಡಲು ಶುರುಮಾಡಿದೆ. ಕಾಕಾ ಬಾ ಎಂದಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪಶ್ಚಿಮದ ಕಿಟಕಿಯಿಂದ ಬಿಸಿಲು ಜಮಖಾನೆಯ ಮೇಲೆ ಬಿದ್ದು, ಅದರ ಕೆಂಪು ಹಳದಿಗಳು ಕೋಣೆಯ ತುಂಬ ಹರಡಿದ ಹಾಗೆ ತೋರುತ್ತಿತ್ತು. ಸರ್ವರಿನ ಪಂಖಾ ಗುಂಯ್ ಎನ್ನುತ್ತಿತ್ತು. ಎಷ್ಟೋ ಸಲ ಅದನ್ನು ಕೇಳುತ್ತ ನಾನು ಅರೆನಿದ್ದೆಗೆ ಜಾರುತ್ತಿದ್ದೆ... ಎಚ್ಚರಾದಾಗ ಕಾಕಾ ಅದೇ ಭಂಗಿಯಲ್ಲಿ ಕೂತಿರುತ್ತಿದ್ದರು.

ಮೊದಲು ಕಾಗದದ ಟ್ರೇ ಬಿಚ್ಚಿದರು. ರೋಲರ್ ಒರೆಸಿದರು. ನಾಲ್ಕೂ ಅಂಚಿಗೆ ಗೆರೆ ಎಳೆದ ಒಂದು ಹಾಳೆಯನ್ನು ಮತ್ತೆ ಮತ್ತೆ ಮುದ್ರಿಸಿದರು. ಪ್ರತಿ ಸಲವೂ ಬಲಗಡೆಯ ಗೆರೆ ಕಾಣೆ. ನಾಲ್ಕನೆಯ ದಿನವೋ ಐದನೆಯ ದಿನವೋ ಡ್ರೈವರ್ ಫೈಲನ್ನು ತೆರೆದರು. ಈ ಪ್ರಿಂಟರು ಏನೇನು ಮಾಡಬಲ್ಲದು ಎಂದು ಸರ್ವರಿಗೆ ತಿಳಿಸುವ ಬರಹ ಅದು. ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ನೂರಾರು ಸಾಲು. ಕಾಕಾ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಕೊನೆಗೆ ಜೋರಾಗಿ ನಕ್ಕರು.

“ನೋಡು ಬೇಟಾ, ಇದಕ್ಕ ನಿನ್ನ ಹಾಳಿ ಐತಿ ಅನ್ನೋದ ಗೊತ್ತಿಲ್ಲ!”

ಆ ಫೈಲು ನಮ್ಮ ಪ್ರಿಂಟರಿನದಲ್ಲ, ಅದೇ ಕಂಪನಿಯ ಸಣ್ಣ ಪ್ರಿಂಟರಿನದು. ನಮ್ಮದರ ಫೈಲು ಸಿಗದಿದ್ದಾಗ ಕಾಕಾ ಅದನ್ನೇ ಹಾಕಿ ನಡೆಸಿದ್ದರು. ಅದರ ಯಾದಿಯಲ್ಲಿದ್ದ ಅತಿ ದೊಡ್ಡ ಕಾಗದ ನನ್ನ ಹಾಳೆಗಿಂತ ಎರಡು ಬೆರಳು ಚಿಕ್ಕದು. ಉಳಿದದ್ದನ್ನು ಸರ್ವರು ಕತ್ತರಿಸಿ ಎಸೆಯುತ್ತಿತ್ತು.

ಹಾಳೆಯ ಅಳತೆಯನ್ನು ನಾಲ್ಕು ಕಡೆ ಸೇರಿಸಬೇಕಿತ್ತು. ಸೇರಿಸಿದರು. ಸರ್ವರು ಫೈಲನ್ನೇ ಒಪ್ಪಲಿಲ್ಲ. ಯಾವುದೋ ಒಂದು ಸಾಲಿನಲ್ಲಿ ದೋಷವಿದೆ ಎಂದಿತು. ಆ ಸಾಲನ್ನು ಹತ್ತು ಸಲ ನೋಡಿದರೂ ಅದು ಸರಿಯಾಗಿಯೇ ಇತ್ತು. ಹೀಗೆ ಒಂದು ವಾರ ಹೋಯಿತು. ಈಗ ಸಣ್ಣ ಹಾಳೆಯೂ ಬರುತ್ತಿರಲಿಲ್ಲ. ಪ್ರಿಂಟರು ಪೂರ್ತಿ ನಿಂತಿತ್ತು. ಒಂದು ಸಂಜೆ ಕಾಕಾ ಗೋಡೆಗೆ ಒರಗಿ, “ಎಲ್ಲಾ ಕಿತ್ತ ಹಾಕಿಬಿಡ್ತೇನಿ. ನನ್ನ ಹಟಕ್ಕ ನಿನ್ನ ಸಾಲಿ ಹೋಗೂದು ಬ್ಯಾಡ” ಎಂದರು. ಅವರ ದನಿ ಹಾಗೆ ಕುಗ್ಗಿದ್ದನ್ನು ನಾನು ಕೇಳಿರಲಿಲ್ಲ.

ಏನು ಅನಿಸಿತೋ, ನಾನು ಎದ್ದು ಹೋಗಿ ಪರದೆಗೆ ಮೂಗು ತಾಗಿಸಿದೆ. “ನಾ ಓದ್ತೀನಿ ಕಾಕಾ. ಅರ್ಥ ಆಗೂದಿಲ್ಲ, ಇದ್ದದ್ದ ಇದ್ದಂಗ ಓದ್ತೀನಿ.”

ಅವರು ಸೇರಿಸಿದ ಸಾಲುಗಳನ್ನು ಮೊದಲಿನಿಂದ ಓದಿದೆ. ಅಕ್ಷರ, ಚುಕ್ಕಿ, ಅಂಕಿ, ಉದ್ಧರಣ ಚಿಹ್ನೆ, ಖಾಲಿ ಜಾಗ, ಒಂದೂ ಬಿಡದೆ. ನನಗೆ ಬೇರೆ ರೀತಿ ಓದಲು ಬರುತ್ತಲೇ ಇರಲಿಲ್ಲ. ಕಾಕಾ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದರು. ಸರ್ವರು ತೋರಿಸಿದ್ದ ಸಾಲಿಗಿಂತ ಎರಡು ಸಾಲು ಮೇಲೆ, ಅಂಕಿಗಳು ಮುಗಿದಲ್ಲಿ ನಾನು “ಖಾಲಿ” ಎಂದೆ.

“ಖಾಲಿ? ಚಿಹ್ನೆ ಇಲ್ಲೇನು?”

“ಶುರುವಿಗೆ ಐತಿ. ಕಡೀಕ ಇಲ್ಲ.”

ತೆರೆದ ಉದ್ಧರಣ ಚಿಹ್ನೆಯನ್ನು ಮುಚ್ಚಿರಲಿಲ್ಲ. ಅಷ್ಟೇ. ಕಾಕಾ ಒಂದು ಕೀಲಿ ಒತ್ತಿದರು, ಫೈಲನ್ನು ಉಳಿಸಿದರು. ಸ್ವಲ್ಪ ಹೊತ್ತಿಗೆ ಪ್ರಿಂಟರಿನ ಹೊಟ್ಟೆಯಲ್ಲಿ ಏನೋ ಗುಡುಗಿದಂತಾಗಿ ಹಾಳೆ ಹೊರಗೆ ಜಾರಿತು. ಅವರು ನೋಡಲಿಲ್ಲ, ನೇರ ನನ್ನ ಕೈಗೆ ಕೊಟ್ಟರು. ನಾನು ಮೂಗನ್ನು ಅಂಚಿನುದ್ದಕ್ಕೂ ಸರಿಸಿದೆ. ಮೇಲೆ, ಎಡಕ್ಕೆ, ಕೆಳಗೆ... ಬಲಕ್ಕೆ.

“ಐತಿ ಕಾಕಾ. ಗೆರಿ ಐತಿ.”

ಅವರ ಕಡೆ ತಿರುಗಿ ನೋಡಿದೆ. ಪರದೆಯ ಬೆಳಕು ಬಿದ್ದಿತ್ತು, ನಾನು ತೀರ ಹತ್ತಿರವಿದ್ದೆ. ಆ ಒಂದು ಸಲ ಮಾತ್ರ ಅವರ ಮುಖ ನನಗೆ ಪೂರ್ತಿ ಕಂಡಿತು. ಗಡ್ಡದಲ್ಲಿ ಬಿಳಿ ಕೂದಲು, ಕಣ್ಣಿನ ಕೆಳಗೆ ಕಪ್ಪು. ಕಣ್ಣು ಒದ್ದೆಯಾಗಿದ್ದವು.

ವಾರ್ಷಿಕ ಪರೀಕ್ಷೆಯನ್ನು ನಾನೇ ಓದಿ ಬರೆದೆ. ವಿಜ್ಞಾನದಲ್ಲಿ ತರಗತಿಗೆ ಮೂರನೆಯವಳಾದೆ. ಬೇರೆ ಶಾಲೆಯ ಮಾತನ್ನು ಹೆಡ್‌ಮಾಸ್ತರರು ಮತ್ತೆ ಎತ್ತಲಿಲ್ಲ. ನಾನು ಹತ್ತನೆಯದು ಮುಗಿಸಿದ ಬೇಸಿಗೆಯಲ್ಲಿ ಕಾಕಾಗೆ ಕಲಘಟಗಿಗೆ ವರ್ಗವಾಯಿತು. ಅವರು ಸಾಮಾನು ಹೇರಿಸುತ್ತಿದ್ದ ಸದ್ದು ಕೇಳುತ್ತಿದ್ದರೂ ನಾನು ಹೊರಗೆ ಹೋಗಲಿಲ್ಲ. ಅಳು ಬರುತ್ತದೆಂದು ನಾಚಿಕೆ. ಆಮೇಲೆ ಫೋನ್ ಮಾಡಿದರಾಯಿತು ಅಂದುಕೊಂಡೆ. ಕಾಲೇಜು, ಕೆಲಸ, ಊರಿಂದೂರಿಗೆ ಬಸ್ಸು... ಆ ‘ಆಮೇಲೆ’ ಬರಲೇ ಇಲ್ಲ.

ಈಗ ನಾನು ಶಿಕ್ಷಕಿ. ದೃಷ್ಟಿ ಮಂದವಿರುವ ಮಕ್ಕಳಿಗೆ ಕಲಿಸಲು ತಾಲೂಕಿನ ಶಾಲೆಗಳನ್ನು ಸುತ್ತುತ್ತೇನೆ. ಝೆರಾಕ್ಸ್ ಅಂಗಡಿಯ ಆ ದಿನದ ಮರುವಾರ ನಮ್ಮೂರ ಶಾಲೆಗೆ ಹೋದೆ. ಹೊಸ ಕಂಪ್ಯೂಟರು ಬಂದಿದೆ, ಅದು ಪ್ರಿಂಟರನ್ನೇ ಕೇಳಿ ಕಾಗದದ ಅಳತೆ ತಿಳಿದುಕೊಳ್ಳುತ್ತದೆ, ಡ್ರೈವರ್ ಫೈಲುಗಳ ಕಾಲ ಮುಗಿಯುತ್ತ ಬಂದಿದೆ ಎಂದರು ಅಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರು. ಹಳೆಯ ಸರ್ವರನ್ನು ಗುಜರಿಗೆ ಹಾಕಲು ಬಾಗಿಲ ಬಳಿ ತಂದಿಟ್ಟಿದ್ದರು. ಒಂದು ಸಲ ಚಾಲೂ ಮಾಡಿ ಕೊಡಿ ಎಂದು ಕೇಳಿಕೊಂಡೆ.

ಫೈಲು ಅಲ್ಲೇ ಇತ್ತು. ಪರದೆಗೆ ಮೂಗು ಹಚ್ಚಿ ಇಳಿಯುತ್ತ ಹೋದೆ. ನಾವು ಸೇರಿಸಿದ ಸಾಲುಗಳ ಮೇಲೆ, ಯಂತ್ರ ಓದದೆ ದಾಟಿಹೋಗುವ, ಮನುಷ್ಯರಿಗಾಗಿಯೇ ಬರೆದಿಡುವ ಒಂದು ಟಿಪ್ಪಣಿ. ನಾನು ಅದನ್ನು ಆಗ ನೋಡಿರಲಿಲ್ಲ. ಕಾಕಾ ಆಮೇಲೆ ಯಾವಾಗಲೋ ಸೇರಿಸಿರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ಈ ಸಾಲು ತೆಗೀಬ್ಯಾಡ್ರಿ. ಓದಾವ್ರು ಅದಾರ.’

ಕಚೇರಿಯ ಹಳೆಯ ವಹಿಯಲ್ಲಿ ಅವರ ಮನೆಯ ನಂಬರು ಸಿಕ್ಕಿತು. ಶಾಲೆಯ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದೆ. ಎತ್ತಿದ್ದು ಒಬ್ಬ ಹೆಣ್ಣುಮಗಳು. ಕಾಕಾ ಇದ್ದಾರೇನು ಎಂದು ಕೇಳಿದೆ.

“ಅಬ್ಬಾ ಹೋಗಿ ಎರಡು ವರ್ಷ ಆತ್ರಿ,” ಎಂದಳು. “ತಾವು ಯಾರ್ರಿ?” ಎಂದು ಕೇಳಿದಳು.

ಹೆಸರು ಹೇಳಿದರೆ ಅವಳಿಗೇನು ತಿಳಿದೀತು? ಕಾಕಾ ಇದ್ದ ಶಾಲೆಯಲ್ಲಿ ಓದಿದವಳು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ ಎಂದೆ.

“ಅಯ್ಯ, ಚಿಹ್ನೆ ಹುಡುಕಿದಾಕಿ ಏನ್ರಿ ನೀವು? ನಿಮ್ಮ ಸುದ್ದಿ ಹೇಳಾಕ ಹತ್ತಿದ್ರ ಅಬ್ಬಾಗ ಊಟದ ಖಬರ ಇರ್ತಿದ್ದಿಲ್ಲ.”

ಹೌದ್ರಿ ಎನ್ನಲು ನನಗೆ ಬಹಳ ಹೊತ್ತು ಬೇಕಾಯಿತು. ಅವಳು ಫೋನ್ ಇಡಲಿಲ್ಲ.