ತಲೆಗೆ ಹಚ್ಚುವ ಎಣ್ಣೆ

ಚನ್ನರಾಯಪಟ್ಟಣದಲ್ಲಿ ನನ್ನ ಕ್ರಿಸ್ಮಸ್ ನೆವ್ರಿಯ ರುಚಿ ನೋಡಿದ್ದು ಒಂದು ಕರು. ಹಬ್ಬದ ಮರುದಿನ ಹಿತ್ತಲಿಗೆ ಹೋದರೆ, ಮನೆಯೊಡತಿ ದೇವೀರಮ್ಮನ ಕರು ಕಲಗಚ್ಚಿನ ಬಾನಿಗೆ ಮೂತಿಯಿಟ್ಟು, ಹಿಂದಿನ ಸಂಜೆ ನಾನು ಕೊಟ್ಟುಬಂದ ತಿಂಡಿಯನ್ನು ಮೆಲ್ಲುತ್ತಿತ್ತು. ಹೊಟ್ಟೆ ಉರಿದುಹೋಯಿತು. ನಮ್ಮ ನೆವ್ರಿಗೆ ಇಲ್ಲಿಯವರು ಕರ್ಜಿಕಾಯಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಒಳಗಿನ ಹೂರಣ ಒಂದೇ ಅಲ್ಲವೇ?

ಕರಾವಳಿಯೂ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ರಸ್ತೆ ಓವರ್‌ಸಿಯರ್ ಆದ ನನ್ನ ಗಂಡನಿಗೆ ಘಟ್ಟದ ಮೇಲಕ್ಕೆ ವರ್ಗವಾಯಿತು. ಅವರು ವಾರವೆಲ್ಲ ದುದ್ದದ ಕಡೆ ಕ್ಯಾಂಪಿನಲ್ಲಿ. ಬಾಡಿಗೆ ಮನೆಯಲ್ಲಿ ನಾನೊಬ್ಬಳೇ, ತುಂಬಿದ ಬಸುರಿ. ತಾಯಿ ಇಲ್ಲದ ತವರಿಗೆ ಬಾಣಂತನಕ್ಕೆ ಹೋಗುವ ಮಾತಿರಲಿಲ್ಲ, ಚರ್ಚು ನೋಡಬೇಕೆಂದರೆ ಹಾಸನದ ಬಸ್ಸು ಹತ್ತಬೇಕು. ನೋವು ಬಂದರೆ ಕೂಗಿ ಕರೆಯಲು ಗೋಡೆಯಾಚೆಯ ದೇವೀರಮ್ಮನನ್ನು ಬಿಟ್ಟರೆ ಇನ್ಯಾರೂ ಇಲ್ಲ. ನನ್ನ ಕೈಯ ತಿಂಡಿ ಮುಟ್ಟದವಳು ನನ್ನನ್ನು ಮುಟ್ಟಿಯಾಳೇ?

ನೆವ್ರಿ ಕೊಡುವಾಗ ಆಕೆ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಏತರಲ್ಲಿ ಕರಿದದ್ದು ಎಂದು ಕೇಳಿದ್ದಳು. ಕ್ರೈಸ್ತರ ಮನೆಯದು, ದನದ ಕೊಬ್ಬಿರಬಹುದು ಎಂಬ ಗುಮಾನಿ ಎಂದುಕೊಂಡೆ. ತೆಂಗಿನೆಣ್ಣೆ ಎಂದು ಮುಖ ಗಂಟಿಕ್ಕಿ ಬಂದಿದ್ದೆ. ಕರುವನ್ನು ಕಂಡ ಮೇಲಂತೂ ಎಲ್ಲದರಲ್ಲೂ ಹುಳುಕು ಕಾಣಿಸತೊಡಗಿತು. ಆಕೆ ಬಾವಿಕಟ್ಟೆ ತೊಳೆದರೆ ನನ್ನ ಮೈಲಿಗೆಗೆ, ಯಾರೊಡನೆಯಾದರೂ ಪಿಸುಗುಟ್ಟಿದರೆ ನನ್ನ ಮೇಲೆ ಚಾಡಿ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಈ ಸೀಮೆಯಲ್ಲಿ ಆ ದಿನ ಎಳ್ಳು, ಬೆಲ್ಲ, ಕೊಬ್ಬರಿ ಚೂರು ಬೆರೆಸಿ ಮನೆಮನೆಗೆ ಕೊಡುತ್ತಾರೆ. ಎಳ್ಳು ಬೀರುವುದು ಎನ್ನುತ್ತಾರೆ. ತಿಂದು ಒಳ್ಳೆಯ ಮಾತಾಡಬೇಕಂತೆ. ದೇವೀರಮ್ಮನೂ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

ಬೈಬಲಿನಲ್ಲಿ ಕೊರಿಂಥದವರಿಗೆ ಸಂತ ಪೌಲನು ಬರೆದದ್ದು ನಿಮಗೆಲ್ಲ ಗೊತ್ತಿದೆ. ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನಿ, ಆದರೆ ವಿಗ್ರಹಕ್ಕೆ ಇಟ್ಟದ್ದೆಂದು ಯಾರಾದರೂ ಹೇಳಿದರೆ ಬೇಡ ಎನ್ನುತ್ತಾನೆ. ಅದರ ಮೊದಲರ್ಧ ನನಗೆ ಬೇಕಾಗಿರಲಿಲ್ಲ. ಇಟ್ಟದ್ದು ಹೌದು ಎಂದು ಆಕೆ ಹೇಳಿದರೆ ತಟ್ಟೆ ಹಿಂದಕ್ಕೆ ಕೊಟ್ಟು ಕರುವಿನ ಲೆಕ್ಕ ಚುಕ್ತಾ ಮಾಡಬಹುದಲ್ಲ! ದೇವರಿಗೆ ಇಟ್ಟು ತಂದದ್ದಾ ಎಂದು ಬೇಕೆಂದೇ ಕೇಳಿದೆ.

"ಇಲ್ಲ ಕಣವ್ವ," ಎಂದಳು ದೇವೀರಮ್ಮ. "ದ್ಯಾವ್ರ ಮುಂದೆ ಮಡಗೋಕ್ ಮುಂಚೆನೇ ನಿಂದು ತೆಗ್ದಿಟ್ಟೆ. ಇಟ್ಟುದ್ದ ನೀವು ತಿನ್ನಾಕಿಲ್ವಂತಲ್ಲ. ನಮ್ ದ್ಯಾವ್ರಿಗೆ ನಾನೇ ಏಳ್ಕತೀನಿ ಬುಡು."

ಕೈ ಚಾಚಿ ತಟ್ಟೆ ತೆಗೆದುಕೊಂಡೆ. ಆಕೆಯೇ ಮುಂದುವರಿಸಿದಳು: "ಕರುಗ್ ಆಕ್ದೆ ಅಂತ ಬ್ಯಾಸ್ರ ಮಾಡ್ಕಬ್ಯಾಡ. ತಲೇಗ್ ಅಚ್ಚೋ ಎಣ್ಣೇಲಿ ಕರುದ್ರೆ ಎಂಗವ್ವ ತಿನ್ನಾದು?"

ಊರ ತುಂಬ ತೆಂಗು, ಸಂತೆ ತುಂಬ ಕೊಬ್ಬರಿ. ಆದರೂ ದೇವೀರಮ್ಮನ ಒಲೆಯ ಮೇಲೆ ಹುಚ್ಚೆಳ್ಳೆಣ್ಣೆಯೇ, ತೆಂಗಿನೆಣ್ಣೆ ಏನಿದ್ದರೂ ಕೂದಲಿಗೆ. ಮತದ ಗೋಡೆ ಎಂದುಕೊಂಡು ನಾನು ತಲೆ ಚಚ್ಚಿಕೊಂಡದ್ದು ಎಣ್ಣೆಯ ಡಬ್ಬಕ್ಕೆ. ನಾಚಿಕೆಯಾಯಿತು. ಆಕೆಯ ಎದುರಿಗೇ ಎಳ್ಳು ತಿಂದೆ.

ತಿಂಗಳೊಳಗೆ ಒಂದು ಬೆಳಗ್ಗೆ ನೋವು ಬಂತು. ಗೋಡೆ ಬಡಿದೆ. ದೇವೀರಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಸೂಲಗಿತ್ತಿ ಬರುವ ತನಕ ನನ್ನ ಸೊಂಟ ತಿಕ್ಕಿದಳು. ತಿಕ್ಕಿದ್ದು ತೆಂಗಿನೆಣ್ಣೆಯಿಂದಲೇ. ಮಗಳು ಹುಟ್ಟಿದಳು.

ನನ್ನ ಗುಮಾನಿ ಪೂರ್ತಿ ಹೋಯಿತೆಂದು ಮಾತ್ರ ತಿಳಿಯಬೇಡಿ. ಎಳ್ಳನ್ನು ನಿಜವಾಗಿ ಮೊದಲೇ ತೆಗೆದಿಟ್ಟಿದ್ದಳೋ, ನಾನು ತಿನ್ನಲಿ ಎಂದು ಹಾಗೆ ಹೇಳಿದಳೋ, ಇಂದಿಗೂ ಗೊತ್ತಿಲ್ಲ. ಕೇಳಬೇಡ ಎಂದ ಪೌಲನ ಮಾತು ಮೀರಿ ಕೇಳಿದ್ದಕ್ಕೆ ಈ ಅನುಮಾನವೇ ನನಗೆ ಸಿಕ್ಕ ಕೂಲಿ.

ಮುಂದಿನ ಕ್ರಿಸ್ಮಸ್ಸಿಗೆ ಮಗುವನ್ನು ಎತ್ತಿಕೊಂಡು ಕರಾವಳಿಯ ನಮ್ಮ ಊರಿಗೆ ಹೋದೆ. ಚಿಕ್ಕಮ್ಮ ನೆವ್ರಿಯ ತಟ್ಟೆ ಮುಂದಿಟ್ಟರು. ಒಂದನ್ನು ಬಾಯಿಯ ಹತ್ತಿರ ತಂದೆ, ಬಾಚಿದ ತಲೆಯ ವಾಸನೆ ಬಂತು.

"ಇದನ್ನು ಏತರಲ್ಲಿ ಕರಿದದ್ದು ಚಿಕ್ಕಮ್ಮ?" ಎಂದುಬಿಟ್ಟೆ.

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಂತ ಮಾರಾಯ್ತಿ, ನಮ್ಮ ಮನೆಯದ್ದು ತಿನ್ನಲಿಕ್ಕೂ ನಿನಗೆ ಸಂಶಯವಾ?"