ಟವೆಲ್ಲಿನ ಮೇಲಿನ ಖಾಲಿ ಜಾಗ

ನಾವು ಕಾಕಾ ಎನ್ನುತ್ತಿದ್ದ ಪಕ್ಕದ ಮನೆಯವರು ಧಾರವಾಡದ ಕಡೆಯವರು, ನಾಸಿಕ್ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರು. ಏನೇ ರಿಪೇರಿಗೆ ಕುಳಿತರೂ ಮೊದಲು ಟವೆಲ್ ಹಾಸಿ ಉಪಕರಣಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಮುಗಿದ ಮೇಲೆ, "ಎಲ್ಲಾ ವಾಪಸ್ ಬಂದಾವೇನ್ರಿ?" ಎನ್ನುತ್ತಿದ್ದರು. ಒಂದು ಕಡಿಮೆಯಿದ್ದರೂ ನಮ್ಮವ್ವನಿಗೆ ಮಿಕ್ಸಿ ಹಚ್ಚಲು ಬಿಡುತ್ತಿರಲಿಲ್ಲ. ವಿಮಾನದ ಎಂಜಿನ್ನಿನೊಳಗೆ ಏನೂ ಉಳಿಯಬಾರದೆಂಬ ಕಾರ್ಖಾನೆಯ ಪದ್ಧತಿ ಅದು.

ಒಂದು ಭಾನುವಾರ ನಾಸಿಕ್‌ನ ಉಡುಪಿ ಹೋಟೆಲಿನ ಮಾಲೀಕರು ತಮ್ಮ ಮೋಟಾರು ದೋಣಿಯಲ್ಲಿ ಕಾಕಾ ಅವರನ್ನೂ ನನ್ನನ್ನೂ ಜಲಾಶಯ ಸುತ್ತಿಸಲು ಕರೆದೊಯ್ದರು. ನಡುನೀರಿನಲ್ಲಿ ಎಂಜಿನ್ನಿನ ಕಸುವು ಇಳಿಯಿತು, ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಗಾಳಿ ನಮ್ಮನ್ನು ಬಂಡೆಗಳತ್ತ ತಳ್ಳತೊಡಗಿತು.

ಕಾಕಾ ಟವೆಲ್ ಹಾಸಿದರು. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು, ಎಂಜಿನ್ ಚಾಲೂ ಮಾಡುವ ಹಗ್ಗವನ್ನು ಮಾಲೀಕರಿಂದ ಎಳೆಸಿದರು. ಒಂದು ಕಡೆ ಕಿಡಿಯಿಲ್ಲ. ಪ್ಲಗ್ಗುಗಳನ್ನು ಅದಲುಬದಲು ಮಾಡಿದರೂ ಅದೇ ಕಡೆ ಕಿಡಿಯಿಲ್ಲ.

"ಪ್ಲಗ್ ಛಲೋ ಅದ, ವೈರ್ ಹೋಗೇದ," ಎಂದು ವೈರಿನ ಸೀಳಿದ ತುದಿ ಕತ್ತರಿಸಿ ಮತ್ತೆ ಕೂಡಿಸಿ, ಪ್ಲಗ್ಗುಗಳನ್ನು ಮೊದಲಿನಂತೆ ಬಿಗಿದರು.

ಮಾಲೀಕರು ಹಗ್ಗಕ್ಕೆ ಕೈ ಹಾಕಿದರು. ಕಾಕಾ ಆ ಕೈಯನ್ನು ಹಿಡಿದುಕೊಂಡರು. ಟವೆಲ್ಲಿನ ಮೇಲೆ ಒಂದು ಜಾಗ ಖಾಲಿಯಿತ್ತು.

"ಸಣ್ಣ ಪಾನಾ ವಾಪಸ್ ಬಂದಿಲ್ರಿ."

"ಬಂಡೆ ಬಂತು ಮಾರಾಯ್ರೆ! ಹೊಸ ಸ್ಪ್ಯಾನರ್ ತೆಗೆಸಿಕೊಡ್ತೇನೆ!"

ಹುಟ್ಟನ್ನು ಬಂಡೆಗೆ ಒತ್ತಿ ಹಿಡಿದಿದ್ದ ನಾನೂ, "ಕಾಕಾ, ಸಾಕ್ರಿ!" ಎಂದು ಕೂಗಿದೆ. ಅವರು ಕೈ ಬಿಡಲಿಲ್ಲ.

ಮಾಲೀಕರು ಸಿಟ್ಟಿನಿಂದ ಎದ್ದು ನಿಂತರು. ಸ್ಪ್ಯಾನರ್ ಅವರು ಕುಳಿತಿದ್ದ ಜಾಗದಲ್ಲೇ ಇತ್ತು. ಕಾಕಾ ಅದನ್ನು ಒರೆಸಿ, ಟವೆಲ್ಲಿನ ಮೇಲೆ ಅದರ ಜಾಗದಲ್ಲಿಟ್ಟು, ಸ್ವಲ್ಪ ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿದರು.

"ಈಗ ಎಳೀರಿ," ಎಂದರು.